ಅತ್ತೆಯ ಸೀರೆಯುಟ್ಟು ಮೇಕೆ ಕರೆದ ಮಳೆಗಾಲ

ಕಳೆದ ವಾರ ಕ್ಲಿನಿಕ್ ಮುಗಿಸಿಕೊಂಡು ಜಯನಗರ ನಾಲ್ಕನೇ ಬ್ಲಾಕಿನ ಹಿಂದಿನ ರಸ್ತೆಯಲ್ಲಿ ಬಸ್ ಸ್ಟಾಪಿನ ಕಡೆ ಬರುತ್ತಿದ್ದೆ. ಅಲ್ಲಿ ಹೊಸದಾಗಿ ಒಂದು ಮರದ ಗಾಣದ ಎಣ್ಣೆ ಅಂಗಡಿ ಶುರುವಾಗಿದೆ. ಗಿರಾಕಿಗಳ ಎದುರಿಗೇ ಗಾಣ ತಿರುಗಿಸಿ ಎಣ್ಣೆ ತೆಗೆದುಕೊಡುತ್ತಾರೆ. ಆಗಷ್ಟೇ ಮಳೆ ನಿಂತಿತ್ತು. ಬಾಗಿಲ ಪಕ್ಕ ಗೋಣಿಚೀಲದ ಮೇಲೆ ಹರಡಿದ್ದ ಕಡಲೆಕಾಯಿ ಹಿಂಡಿ ಇನ್ನೂ ಬೆಚ್ಚಗಿತ್ತು. ಅದರ ವಾಸನೆ ಮೂಗಿಗೆ ಬಂದದ್ದೇ ತಡ, ನನ್ನ ಕಾಲುಗಳು ತಾವಾಗಿ ನಿಂತವು. ಬಾಯಿಂದ ಮೆಲ್ಲಗೆ ಒಂದು ಮಾತು ಹೊರಟಿತು. "ಬಾರವ್ವಾ, ಬಾ."

ಅಂಗಡಿಯವರು ತಲೆ ಎತ್ತಿ, "ಏನ್ ಬೇಕಿತ್ತು ಮೇಡಂ?" ಅಂದರು. ಏನೂ ಇಲ್ಲ ಅಂದು ಮುಂದೆ ಬಂದೆ. ಬಸ್ಸಿನಲ್ಲಿ ಕೂತ ಮೇಲೆ ಹೊಳೆಯಿತು. ಆ ದನಿ ನನ್ನದಲ್ಲ. ಅದು ನಮ್ಮತ್ತೆಯದು. ಅವರು ಹೋಗಿ ಎಷ್ಟೋ ವರ್ಷವಾಯಿತು. ಅವರು ಹೋದ ಆ ಮಳೆಗಾಲ ಮಾತ್ರ ನನ್ನ ಗಂಟಲಲ್ಲೇ ಎಲ್ಲೋ ಕೂತುಬಿಟ್ಟಿದೆ.

ನಮ್ಮ ಮನೆ ಗೊಟ್ಟಿಗೆರೆಯಲ್ಲಿ. ನಾನು ಜಯನಗರದಲ್ಲಿ ಹುಟ್ಟಿ ಬೆಳೆದವಳು. ಮದುವೆಯಾಗಿ ಬಂದಾಗ ಗೊಟ್ಟಿಗೆರೆ ಇನ್ನೂ ಅರ್ಧ ಹಳ್ಳಿಯಾಗಿಯೇ ಇತ್ತು. ಆಮೇಲೆ ನೋಡನೋಡುತ್ತಿದ್ದಂತೆ ಮೂರು ಕಡೆ ಅಪಾರ್ಟ್‌ಮೆಂಟುಗಳು ಎದ್ದವು. ನಮ್ಮ ಮನೆಯ ಹಿಂದಿನ ತೋಟ ಮಾತ್ರ ಹಾಗೇ ಉಳಿಯಿತು. ಅತ್ತೆ ಕೆಂಪಮ್ಮ ಉಳಿಸಿಕೊಂಡರು ಅನ್ನಬೇಕು. ಸಾಲಾಗಿ ಅಗಸೆ ಗಿಡ, ಒಂದಿಷ್ಟು ಹಿಪ್ಪುನೇರಳೆ, ಒಂದು ಪಟ್ಟಿ ಸೀಮೆಹುಲ್ಲು, ಇವುಗಳ ನಡುವೆ ತಗಡಿನ ಗೋಡೆ, ತಗಡಿನ ಚಾವಣಿಯ ಮೇಕೆ ಕೊಟ್ಟಿಗೆ. ಎಂಟನೇ ಮಹಡಿಯ ಬಾಲ್ಕನಿಯಲ್ಲಿ ಬಟ್ಟೆ ಒಣಗಿಸುವವರು ಬಗ್ಗಿ ನೋಡಿದರೆ ನಮ್ಮ ಮೇಕೆಗಳು ಕಾಣುತ್ತಿದ್ದವು.

ಅವು ನಮ್ಮ ಕಡೆಯ ಮೇಕೆಗಳಲ್ಲ. ಬನ್ನೇರುಘಟ್ಟ ರಸ್ತೆಯಲ್ಲಿ ಫಾರ್ಮ್‌ಹೌಸ್ ಇಟ್ಟುಕೊಂಡಿದ್ದ ಒಬ್ಬರು ಮಕ್ಕಳ ಆಸೆಗೆಂದು ತರಿಸಿದ್ದ ವಿದೇಶಿ ಗಿಡ್ಡ ತಳಿ. ಮಕ್ಕಳ ಆಸೆ ತೀರಿತು, ಫಾರ್ಮ್‌ಹೌಸಿನವರು ಊರು ಬಿಟ್ಟರು, ಮೇಕೆಗಳು ಅತ್ತೆಯ ಪಾಲಿಗೆ ಬಂದವು. ನನ್ನ ಮೊಣಕಾಲಿಗಿಂತ ಚೂರು ಎತ್ತರ. ಕಾಲು ನೋಡಿದರೆ ಮರಿ, ಹೊಟ್ಟೆ ನೋಡಿದರೆ ತುಂಬಿದ ಬಸುರಿ. ನಿಂತ ನೆಲದಲ್ಲೇ ಹಾಲು ಕರೆಯೋಣವೆಂದರೆ ಕೆಚ್ಚಲ ಕೆಳಗೆ ಪಾತ್ರೆ ಹಿಡಿಯಲು ಜಾಗ ಇರುತ್ತಿರಲಿಲ್ಲ. ಅದಕ್ಕೇ ಅತ್ತೆ ಒಂದು ಹಳೇ ಕಲ್ಲು ಚಪ್ಪಡಿ ಹಾಕಿಸಿದ್ದರು. ಹೆಸರು ಹಿಡಿದು ಕರೆದರೆ ಒಂದೊಂದೇ ಮೇಕೆ ಅದರ ಮೇಲೆ ಹಾರಿ ನಿಂತು ಹಿಂಡಿ, ಬೂಸದ ಬಾಂಡಲಿಗೆ ಮೂತಿ ಹಾಕುತ್ತಿತ್ತು. ಗೌರಿ, ಮೂಗುತಿ, ಸಣ್ಣಿ. ಆ ವರ್ಷ ಹಾಲು ಕೊಡುತ್ತಿದ್ದದ್ದು ಮೂಗುತಿ ಮತ್ತು ಸಣ್ಣಿ. ಗೌರಿ ಗಬ್ಬವಾಗಿದ್ದಳು. ಹಾಲು ಹಸುವಿನಷ್ಟು ಬರುತ್ತಿರಲಿಲ್ಲ, ಆದರೆ ಗಟ್ಟಿ. ಕಾಫಿಗೆ ಹಾಕಿದರೆ ಬಣ್ಣವೇ ಬೇರೆ.

ಆ ಕೊಟ್ಟಿಗೆಗೆ ನಾನು ಹೋಗುತ್ತಿರಲಿಲ್ಲ. ಹೋಗಲು ಅತ್ತೆ ಬಿಡುತ್ತಿರಲಿಲ್ಲ ಅನ್ನುವುದು ಸರಿ. ನಾನು ಕ್ಲಿನಿಕ್ಕಿನ ಲ್ಯಾಬಿನಲ್ಲಿ ರಕ್ತ ತೆಗೆಯುವ, ಪರೀಕ್ಷೆ ಮಾಡುವ ಕೆಲಸದವಳು. ಮದುವೆಯಾದ ಹೊಸದರಲ್ಲಿ ಒಂದು ಸಂಜೆ ಸಹಾಯ ಮಾಡೋಣವೆಂದು ಹೋದರೆ ಮೇಕೆಗಳು ಹಿಂದೆ ಸರಿದು ಮೂಲೆ ಸೇರಿದವು. "ನಿನ್ ಕೈಯಲ್ಲಿ ಆಸ್ಪತ್ರೆ ವಾಸ್ನೆ ಬರ್ತದೆ ಕಣಮ್ಮ. ಇಂಜೆಕ್ಷನ್ ಡಾಕ್ಟ್ರು ಬಂದ್ರು ಅನ್ಕೊಂಡವೆ. ನೀ ಒಳಗಿನ್ ಕೆಲ್ಸ ನೋಡ್ಕೊ ಹೋಗು" ಅಂದರು. ಬೈದದ್ದಲ್ಲ. ಆದರೂ ನಾನು ಮತ್ತೆ ಆ ಕಡೆ ತಲೆ ಹಾಕಲಿಲ್ಲ. ಒಂದೇ ಮನೆಯಲ್ಲಿ ಅಷ್ಟು ವರ್ಷ ಇದ್ದೆವು. ಅವರದು ಹಿತ್ತಿಲು, ನನ್ನದು ಒಳಮನೆ. ಜಗಳ ಇರಲಿಲ್ಲ. ಹೇಳಿಕೊಳ್ಳುವಂಥ ಮಾತೂ ಇರಲಿಲ್ಲ.

ಅವರು ಹೋದ ದಿನ ಆಷಾಢದ ಗಾಳಿ. ಜಿಟಿಜಿಟಿ ಮಳೆ. ನನಗೆ ಕ್ಲಿನಿಕ್ಕಿಗೆ ರಜೆ. ಮಗಳು ಅನುಷಾ ಟ್ಯೂಷನ್ನಿಗೆ ಹೋಗಿದ್ದಳು. ನಮ್ಮನೆಯವರು, ಮುನಿರಾಜು ಅಂತ ಅವರ ಹೆಸರು, ಜೆ.ಪಿ. ನಗರದಲ್ಲಿ ಬೋರ್‌ವೆಲ್ ಮೋಟರ್ ರಿಪೇರಿ ಅಂಗಡಿ ಇಟ್ಟಿದ್ದರು, ಅವರು ಅಲ್ಲಿ. ಸಂಜೆ ದೀಪ ಹಚ್ಚುವ ಹೊತ್ತಿಗೆ ಕೊಟ್ಟಿಗೆಯಿಂದ ಅತ್ತೆ ಕೂಗಿದರು. "ಶೋಭಾ." ಅತ್ತೆ ನನ್ನನ್ನು ಕೊಟ್ಟಿಗೆಗೆ ಕರೆದದ್ದು ಅದೇ ಮೊದಲು.

ಹೋಗಿ ನೋಡಿದರೆ ಚಪ್ಪಡಿಗೆ ಒರಗಿ ನೆಲದ ಮೇಲೆ ಕೂತಿದ್ದರು. ಮುಖದ ತುಂಬ ಬೆವರು. ಎಡಗೈ ಎದೆಯ ಮೇಲೆ. ನಾನು ಆಂಬುಲೆನ್ಸಿಗೆ ಫೋನು ಮಾಡಿದೆ, ನಮ್ಮನೆಯವರಿಗೂ ಮಾಡಿದೆ. ಹೊರಟೆ ಅಂದರು. ಅತ್ತೆಯ ಕೈ ಹಿಡಿದು ನಾಡಿ ನೋಡಿದೆ. ದಿನಾ ಎಷ್ಟೋ ಜನರ ನರ ಹುಡುಕುವ ಬೆರಳಿಗೆ ಆ ನಾಡಿ ಸಿಕ್ಕಿ ಸಿಕ್ಕಿ ತಪ್ಪಿಹೋಗುತ್ತಿತ್ತು. "ಅತ್ತೆ, ಇನ್ನೇನು ಬಂದ್ಬಿಡ್ತಾರೆ, ಧೈರ್ಯವಾಗಿರಿ" ಅಂದೆ.

ಯಾರು ಬರುತ್ತಾರೆ ಅಂತ ಅವರು ಕೇಳಲಿಲ್ಲ. ಮೂಲೆಯಲ್ಲಿ ಕಟ್ಟಿದ್ದ ಗೌರಿಯ ಕಡೆ ನೋಡುತ್ತಿದ್ದರು. ಗೌರಿ ಕಾಲಲ್ಲಿ ನೆಲ ಕೆರೆಯುತ್ತ, ಮಲಗುತ್ತ, ಏಳುತ್ತ ಇದ್ದಳು.

"ಗೌರಿ ಹಗ್ಗ ಬಿಚ್ಚು" ಅಂದರು. "ಇವತ್ತು ಮರಿ ಹಾಕ್ತಾಳೆ. ಕಟ್ಟಿದ್ರೆ ಹೆದರ್ತಾಳೆ."

ನಾನು ಎದ್ದು ಹೋಗಿ ಹಗ್ಗ ಬಿಚ್ಚಿದೆ. ನೆನೆದ ಹಗ್ಗ, ಗಂಟು ಬಿಗಿದಿತ್ತು. ಬಿಚ್ಚಿ ತಿರುಗಿದಾಗ ಅತ್ತೆಯ ಕಣ್ಣು ಇನ್ನೂ ಗೌರಿಯ ಮೇಲೇ ಇತ್ತು. ಉಸಿರು ಮಾತ್ರ ಇರಲಿಲ್ಲ. ಮಲಗಿಸಿ ಎದೆ ಒತ್ತಿದೆ. ಕಲಿತದ್ದನ್ನೆಲ್ಲ ಮಾಡಿದೆ. ಆಂಬುಲೆನ್ಸಿನವರು ಬಂದು ನೋಡಿ ತಲೆ ಆಡಿಸಿದರು. ನಮ್ಮನೆಯವರು ಬನ್ನೇರುಘಟ್ಟ ರಸ್ತೆಯ ಟ್ರಾಫಿಕ್ಕಿನಲ್ಲಿ ಸಿಕ್ಕಿಕೊಂಡು, ಕೊನೆಗೆ ಸ್ಕೂಟರನ್ನು ಯಾವುದೋ ಅಂಗಡಿಯ ಮುಂದೆ ಬಿಟ್ಟು ಮಳೆಯಲ್ಲಿ ಓಡಿ ಬಂದರು. ಅಷ್ಟರಲ್ಲಿ ಅತ್ತೆಯನ್ನು ನಡುಮನೆಯಲ್ಲಿ ಮಲಗಿಸಿ ಆಗಿತ್ತು. ಹಿತ್ತಿಲಲ್ಲಿ ಗೌರಿ ಎರಡು ಮರಿ ಹಾಕಿದ್ದಳು.

ಹನ್ನೊಂದನೇ ದಿನ ಪಕ್ಕದ ಮನೆಯ ಜಯಕ್ಕ ನಮ್ಮನೆಯವರ ಬೆನ್ನು ಸವರಿ, "ಹೋಗೋವಾಗ ನಿನ್ನೇ ಕೇಳಿರ್ತಾಳೆ ಕಣಪ್ಪ. ಒಬ್ನೇ ಮಗ" ಅಂದರು. ಜಯಕ್ಕ ಅತ್ತೆಯ ವಾರಿಗೆಯವರು. ಸಮಾಧಾನಕ್ಕೆ ಹೇಳಿದ ಮಾತು ಅಷ್ಟೆ. ನಮ್ಮನೆಯವರು ತಲೆ ಎತ್ತಿ ನನ್ನ ಮುಖ ನೋಡಿದರು. ನಾನು ಊಟದ ಎಲೆ ತೆಗೆಯುವ ನೆಪದಲ್ಲಿ ಬಗ್ಗಿದೆ. ಅವರು ಬಾಯಿಬಿಟ್ಟು ಕೇಳಲಿಲ್ಲ, ನಾನಾಗಿ ಹೇಳಲಿಲ್ಲ. ಅವತ್ತಿನಿಂದ ಕೇಳದ ಆ ಪ್ರಶ್ನೆ ನಮ್ಮಿಬ್ಬರ ಮಧ್ಯೆ ಮನೆಯ ಇನ್ನೊಬ್ಬ ಆಳಿನ ಹಾಗೆ ಓಡಾಡಿಕೊಂಡಿತ್ತು.

ಮೇಕೆಗಳ ಗೋಳು ಹೇಳಬೇಕು. ಅತ್ತೆ ಹೋದ ಮಾರನೇ ದಿನದಿಂದಲೇ ಅವು ಕೂಗಲು ಶುರು ಮಾಡಿದವು. ಸಂಜೆಯಾದರೆ ಮೂರೂ ಸಾಲಾಗಿ ನಿಂತು ಹಿತ್ತಿಲ ಬಾಗಿಲ ಕಡೆ ಮುಖ ಮಾಡುತ್ತಿದ್ದವು. ಯಾರಾದರೂ ಬಾಗಿಲು ತೆರೆದರೆ ಕಿವಿ ನೆಟ್ಟಗಾಗುತ್ತಿತ್ತು. ಬಂದವರು ಅತ್ತೆಯಲ್ಲ ಎಂದು ಗೊತ್ತಾದ ಕೂಡಲೇ ಕಿವಿ ಇಳಿಯುತ್ತಿತ್ತು. ಅದನ್ನು ನೋಡಲಾಗದೆ ಅನುಷಾ ತನ್ನ ರೂಮಿನ ಕಿಟಕಿ ಮುಚ್ಚಿಬಿಟ್ಟಳು. ಗೌರಿಯ ಹಾಲನ್ನು ಮರಿಗಳು ಕುಡಿಯುತ್ತಿದ್ದವು. ಮೂಗುತಿ, ಸಣ್ಣಿಯ ಮರಿಗಳು ಮಾತ್ರ ಆಗಲೇ ಹಾಲು ಕುಡಿಯುವುದನ್ನು ಬಿಟ್ಟಿದ್ದವು. ಎರಡೇ ದಿನಕ್ಕೆ ಅವುಗಳ ಕೆಚ್ಚಲು ಕಲ್ಲಿನ ಹಾಗೆ ಬಿಗಿದು ಕಾದಿತ್ತು. ನಾನು ಸೋಪು ಹಾಕಿ ಮೂರು ಸಲ ಕೈ ತೊಳೆದು ಹೋದರೂ ಒದ್ದವು. ನಮ್ಮನೆಯವರು ಹೋದರೆ ಮೈ ಬಿಗಿ ಹಿಡಿದು ನಿಂತವು, ಒಂದು ತೊಟ್ಟೂ ಇಳಿಯಲಿಲ್ಲ. ಅವರು ಮೇಕೆಯ ಬೆನ್ನ ಮೇಲೆ ಕೈ ಇಟ್ಟುಕೊಂಡು ಸ್ವಲ್ಪ ಹೊತ್ತು ನಿಂತಿದ್ದು, ಹೊರಗೆ ಬಂದು, "ಯಾರಿಗಾದ್ರೂ ಕೊಟ್ಬಿಡೋಣ" ಅಂದರು.

ಕಾಂಪೌಂಡ್ ಗೋಡೆಯ ಆಚೆಯಿಂದ ಜಯಕ್ಕ ಕೇಳಿಸಿಕೊಂಡರು. ಅವರ ಮನೆಯಲ್ಲೂ ಹಿಂದೆ ಹಸು ಇದ್ದವು. "ಕೊಡೋದು ಆಮೇಲೆ. ಇವತ್ತು ಕರೀದಿದ್ರೆ ಕೆಚ್ಚಲು ಬಾವು ಬಂದು ಸಾಯ್ತವೆ. ಶೋಭಾ, ಅವ್ಳು ಕೊಟ್ಟಿಗೇಲಿ ಉಡ್ತಿದ್ದ ಸೀರೆ ಐತಾ?"

ಇತ್ತು. ಅತ್ತೆಯ ಬಟ್ಟೆಗಳನ್ನೆಲ್ಲ ಮಣ್ಣು ಮಾಡಿದ ದಿನವೇ ಕೊಟ್ಟುಬಿಟ್ಟಿದ್ದೆವು. ಕೊಟ್ಟಿಗೆಯ ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದ್ದ ಹಳೇ ಹಸಿರು ನೂಲಿನ ಸೀರೆ ಮಾತ್ರ ಯಾರ ಕಣ್ಣಿಗೂ ಬಿದ್ದಿರಲಿಲ್ಲ.

"ಒಗೀಬೇಡ. ಹಾಗೇ ಉಟ್ಕೊ. ತಲೆ ಮೇಲೆ ಸೆರಗು ಹಾಕ್ಕೊ. ಹೋಗಿ ಅವ್ಳು ಕೂಗೋ ಥರಾನೇ ಕೂಗು" ಅಂದರು ಜಯಕ್ಕ.

"ಸತ್ತವರ ಸೀರೆ, ಜಯಕ್ಕ."

"ಮೇಕೆಗೆ ಅದು ಗೊತ್ತಿಲ್ವಲ್ಲ."

ಚೂಡಿದಾರದ ಮೇಲೇ ಸೀರೆ ಸುತ್ತಿಕೊಂಡೆ. ಹೊಗೆ, ಬೆವರು, ಹಿಂಡಿ, ಸೊಪ್ಪು, ಮೇಕೆ, ಎಲ್ಲದರ ವಾಸನೆ ಒಟ್ಟಿಗೆ ಮೈಗೆ ಅಂಟಿಕೊಂಡಿತು. ಸೆರಗಿನ ತುದಿಯಲ್ಲಿ ಅತ್ತೆ ಕಟ್ಟಿದ್ದ ಗಂಟು ಹಾಗೇ ಇತ್ತು, ಒಳಗೆ ಒಂದು ಒಣ ಅಡಿಕೆ ಚೂರು. ಕೊಟ್ಟಿಗೆಯೊಳಗೆ ಹೋಗಿ ನಿಂತೆ. ಅಷ್ಟು ವರ್ಷ ಅಡುಗೆಮನೆಯಿಂದ ದಿನಾ ಎರಡು ಹೊತ್ತು ಕೇಳಿದ ಕೂಗು ಅದು. ಕೇಳುತ್ತಿದ್ದೇನೆಂದೇ ನನಗೆ ಗೊತ್ತಿರಲಿಲ್ಲ. "ಬಾರವ್ವಾ, ಬಾ, ಬಾರೇ ನಮ್ಮವ್ವಾ" ಅಂದೆ. ಕೊನೆಯ ಅಕ್ಷರವನ್ನು ಅವರು ಮೂಗಿನಲ್ಲಿ ಎಳೆಯುತ್ತಿದ್ದರು. ಅದೂ ಬಂತು.

ಮೂಗುತಿ ತಿರುಗಿ ನೋಡಿದಳು. ನನ್ನ ಮೊಣಕಾಲಿಗೆ ಮೂತಿ ಇಟ್ಟು ಸೀರೆಯನ್ನು ಮೂಸಿದಳು. ಆಮೇಲೆ ಚಪ್ಪಡಿಯ ಮೇಲೆ ಹಾರಿ ನಿಂತಳು. ಕೈ ಹಾಕಿದೆ. ಮೊದಲ ಹನಿ ಪಾತ್ರೆಯ ತಳಕ್ಕೆ ಬಿದ್ದು ಸದ್ದಾಯಿತು. ಆಮೇಲೆ ಧಾರೆ. ನನಗೆ ಸಂತೋಷವಾಗಬೇಕಿತ್ತು. ಕುತ್ತಿಗೆಯ ಹಿಂದೆ ಯಾರೋ ಉಸಿರು ಬಿಟ್ಟ ಹಾಗಾಯಿತು. ಕಣ್ಣು ಮುಚ್ಚಿ ಮೆಲುಕು ಹಾಕುತ್ತಿದ್ದ ಆ ಪ್ರಾಣಿಯ ಲೆಕ್ಕದಲ್ಲಿ ಕೆಂಪಮ್ಮ ವಾಪಸ್ ಬಂದಿದ್ದರು. ಅಲ್ಲಿ ನಾನು ಇರಲೇ ಇಲ್ಲ.

ಹೀಗೆ ಶುರುವಾಯಿತು. ಬೆಳಿಗ್ಗೆ ಕೆಲಸಕ್ಕೆ ಹೋಗುವ ಮುಂಚೆ ಒಂದು ಸಲ, ಸಂಜೆ ಬಂದ ಮೇಲೆ ಒಂದು ಸಲ.

ಅದು ಡೆಂಗಿ ಜ್ವರದ ಕಾಲ. ಮಳೆಗಾಲ ಬಂತೆಂದರೆ ಮೇಕೆ ಹಾಲು ಹುಡುಕಿಕೊಂಡು ಜನ ನಮ್ಮ ಗೇಟಿಗೆ ಬರುತ್ತಿದ್ದರು. ಹುಳಿಮಾವಿನಿಂದ, ಅರಕೆರೆಯಿಂದ, ಒಮ್ಮೆ ಬಿಟಿಎಂ ಲೇಔಟಿನಿಂದ ಆಟೋ ಮಾಡಿಕೊಂಡು. ಹಗಲೆಲ್ಲ ಲ್ಯಾಬಿನಲ್ಲಿ ಪ್ಲೇಟ್‌ಲೆಟ್ ನೋಡುವವಳು ನಾನು. ಮೇಕೆ ಹಾಲಿಗೆ ಅದು ಏರುತ್ತದೆಂದು ನಾನು ನಂಬುವುದಿಲ್ಲ. ಇದನ್ನು ಒಮ್ಮೆ ಅತ್ತೆಗೆ ಹೇಳಿದ್ದೆ. ಅವರು, "ಏರ್ದಿದ್ರೆ ಹೋಗ್ಲಿ. ಬಾಟ್ಲಿ ಹಿಡ್ಕೊಂಡು ಬಂದೋರ್ನ ಖಾಲಿ ಕೈಯಲ್ಲಿ ಕಳ್ಸಾಕಾಗ್ತದಾ?" ಅಂದಿದ್ದರು. ಈಗ ನಾನೂ ಕೊಟ್ಟೆ. ಚೆನ್ನಾಗಿ ಕಾಯಿಸಿ ಕುಡಿಸಿ, ಡಾಕ್ಟರಿಗೆ ತೋರಿಸುವುದನ್ನು ಬಿಡಬೇಡಿ ಅಂತ ಒಂದು ಮಾತು ಸೇರಿಸುತ್ತಿದ್ದೆ. ಹಿಂದೆ ಬರುತ್ತಿದ್ದ ಒಬ್ಬರು ಅಂಕಲ್ ಒಂದು ಸಂಜೆ ಗೇಟಿನಾಚೆಯಿಂದಲೇ, "ಕೆಂಪಮ್ಮೋರೇ, ಒಂದ್ಚೂರು ಜಾಸ್ತಿ ಹಾಕಿ" ಅಂದರು. ನಾನು ತಿದ್ದಲಿಲ್ಲ. ಮಬ್ಬು ಬೆಳಕಿನಲ್ಲಿ ಸೆರಗು ಹೊದ್ದು ನಿಂತವಳು "ಆಯ್ತಪ್ಪ" ಅಂದೆ. ಆ ಗಡಸು ದನಿ ಯಾವಾಗ ಬಂತೋ ತಿಳಿಯದು.

ಆ ದನಿ ಕೊಟ್ಟಿಗೆಯಲ್ಲೇ ಉಳಿಯಲಿಲ್ಲ. ಲ್ಯಾಬಿನಲ್ಲಿ ಹೆದರಿಕೊಂಡ ಒಬ್ಬ ಹೆಂಗಸಿನ ತೋಳಿನಲ್ಲಿ ನರ ಹುಡುಕುತ್ತ, "ಸುಮ್ನಿರವ್ವಾ, ಸುಮ್ನಿರು" ಅಂದುಬಿಟ್ಟೆ. ಆಕೆ ಆಶ್ಚರ್ಯದಿಂದ ನನ್ನನ್ನೇ ನೋಡಿ ನಿಜಕ್ಕೂ ಸುಮ್ಮನಾದಳು. ಮನೆಯಲ್ಲಿ ಹಾಲು ಉಕ್ಕಿದರೆ ಬಾಯಿಗೆ ಬರುತ್ತಿದ್ದದ್ದು ಅತ್ತೆಯ ಬೈಗುಳ, "ನಿನ್ ಮನೆ ಕಾಯ್ವೋಗ." ಕೂತು ಏಳುವಾಗ ಅತ್ತೆಯ ಹಾಗೆ ಬಲಮೊಣಕಾಲ ಮೇಲೆ ಕೈ ಊರಿ ಏಳುತ್ತಿದ್ದೆ. ನನ್ನ ಮೊಣಕಾಲಿಗೆ ಯಾವ ನೋವೂ ಇರಲಿಲ್ಲ.

ಗಣೇಶನ ಹಬ್ಬ ಕಳೆದ ಮೇಲೆ ಒಂದು ಸಂಜೆ ಕೊಟ್ಟಿಗೆಯ ಬಾಗಿಲಿಗೆ ಬೆನ್ನು ಹಾಕಿ ಸಣ್ಣಿಯನ್ನು ಕರೆಯುತ್ತಿದ್ದೆ. ಅನುಷಾ ಟ್ಯೂಷನ್ ಮುಗಿಸಿ ಸೀದಾ ಹಿತ್ತಿಲಿಗೆ ಬಂದಿದ್ದಳು. ಕಿವಿಯಲ್ಲಿ ಇಯರ್‌ಫೋನು. ಬಾಗಿಲಲ್ಲಿ ನಿಂತು, "ಅಜ್ಜಿ, ಅಮ್ಮ ಬಂದ್ಲಾ?" ಅಂದಳು.

ನಾನು ತಿರುಗಲಿಲ್ಲ. ತಿರುಗಿದರೆ ಅವಳು ಏನನ್ನು ಕಳೆದುಕೊಳ್ಳುತ್ತಾಳೆಂದು ನನಗೆ ಗೊತ್ತಿತ್ತು. ಆಮೇಲೆ ಅವಳಿಗೇ ಗೊತ್ತಾಯಿತು. ಬ್ಯಾಗು ಕೆಳಗೆ ಬಿದ್ದ ಸದ್ದು. ಕೈ ಬಿಟ್ಟು ಎದ್ದು ಹೋಗಿ ಅವಳನ್ನು ತಬ್ಬಿಕೊಳ್ಳಲು ಹೋದರೆ, "ಆ ಸೀರೆಯಲ್ಲಿ ನನ್ನ ಮುಟ್ಬೇಡ ಅಮ್ಮ" ಅಂದು ಒಳಗೆ ಓಡಿದಳು.

ನಮ್ಮನೆಯವರ ವಿಷಯ ನನಗೆ ಜಯಕ್ಕನಿಂದ ತಿಳಿಯಿತು. ಆ ದಿನಗಳಲ್ಲಿ ಅವರು ಕತ್ತಲಾಗದೆ ಮನೆಗೆ ಬರುತ್ತಿರಲಿಲ್ಲ. ಅಂಗಡಿಯಲ್ಲಿ ಕೆಲಸ ಜಾಸ್ತಿ ಅಂತ ಅಂದುಕೊಂಡಿದ್ದೆ. ಜಯಕ್ಕ ಹೇಳಿದರು, "ಎಲ್ಲಿ ಕೆಲ್ಸ? ನಿನ್ ಗಂಡ ದಿನಾ ಸ್ಕೂಟರ್ ಆಫ್ ಮಾಡ್ಕೊಂಡು ಗೇಟ್ ಹತ್ರ ನಿಂತಿರ್ತಾನೆ. ನೀ ಕೂಗೋದು ನಿಲ್ಲೋಗಂಟ ಒಳಗೆ ಬರಲ್ಲ."

ಅವತ್ತು ಊಟಕ್ಕೆ ಕೂತಾಗ ಕೇಳಿದೆ. "ಗೇಟ್ ಹತ್ರ ಯಾಕೆ ನಿಂತ್ಕೋತೀರ?"

ಅವರು ಅನ್ನ ಕಲಸುವುದನ್ನು ನಿಲ್ಲಿಸಿದರು. "ಅಮ್ಮನ ಥರ ಕೂಗ್ಬೇಡ ನೀನು. ನನ್ ಕೈಲಿ ಆಗಲ್ಲ."

"ಕೂಗದಿದ್ರೆ ಹಾಲು ಬಿಡಲ್ಲ."

"ಬಿಡದಿದ್ರೆ ಬೇಡ."

ಮಾರನೇ ದಿನ ಕೂಗದೆ ಹೋದೆ. ಸೀರೆ ಮಾತ್ರ ಉಟ್ಟಿದ್ದೆ. ಮೂಗುತಿ ಚಪ್ಪಡಿ ಹತ್ತಿದಳು, ಆದರೆ ತಲೆ ತಿರುಗಿಸಿ ತಿರುಗಿಸಿ ನನ್ನನ್ನು ನೋಡಿದಳು. ಅರ್ಧ ಹಾಲು ಇಳಿಯಿತು, ಅರ್ಧ ಕಟ್ಟಿಕೊಂಡಿತು. ಮರಿಗಳು ಕುಡಿದು ಉಳಿದ ಹಾಲಿಗೆಂದು ಆಗಷ್ಟೇ ಕರೆಯಲು ಶುರು ಮಾಡಿದ್ದ ಗೌರಿ ಹತ್ತಲೇ ಇಲ್ಲ. ಹೀಗೇ ಕೆಲವು ದಿನ ನಡೆಯಿತು. ಸಣ್ಣಿಯ ಕೆಚ್ಚಲ ಒಂದು ಕಡೆ ಕೆಂಪಾಗಿ ಬಿಸಿಯಾಯಿತು. ಹಿಂಡಿದರೆ ಗಿಣ್ಣಿನಂಥ ಚೂರುಗಳು ಬಂದವು. ಪಶುವೈದ್ಯರನ್ನು ಕರೆಸಿ ಔಷಧಿ ಕೊಡಿಸಬೇಕಾಯಿತು. ಸಣ್ಣಿ ಮಲಗಿದಲ್ಲೇ ಹಲ್ಲು ಕಡಿಯುತ್ತಿದ್ದಳು. ನಮ್ಮನೆಯವರು ಬಾಗಿಲಲ್ಲಿ ನಿಂತು ಅದನ್ನೆಲ್ಲ ನೋಡಿದರು. ಹೊರಟವರು ಎರಡು ಹೆಜ್ಜೆ ಹೋಗಿ ನಿಂತು, ನನ್ನ ಕಡೆ ತಿರುಗದೆ, "ಕೂಗು" ಅಂದರು.

ನಾನು ಕೂಗಿದೆ. ಅವರು ಗೇಟಿನ ಕಡೆ ಹೋಗಲಿಲ್ಲ. ಕೊಟ್ಟಿಗೆಯ ತಗಡಿನ ಗೋಡೆಯ ಆಚೆ ಒಂದು ಒಗೆಯುವ ಕಲ್ಲಿತ್ತು, ಅದರ ಮೇಲೆ ಕೂತರು.

ಅವತ್ತಿನಿಂದ ದಿನಾ ಸಂಜೆ ಬೇಗ ಬಂದು ಅಲ್ಲೇ ಕೂರುತ್ತಿದ್ದರು. ಗೋಡೆಯ ಈಚೆ ನಾನು, ಆಚೆ ಅವರು. ಮೊದಲು ಸುಮ್ಮನೆ ಇರುತ್ತಿದ್ದರು. ದೀಪಾವಳಿಯ ಮಳೆ ಹಿಡಿದಾಗ ಛತ್ರಿ ಹಿಡಿದುಕೊಂಡು ಕೂತರು. ಆಮೇಲೆ ಮೆಲ್ಲಗೆ ಮಾತು ಶುರುವಾಯಿತು. "ಅಮ್ಮ, ಇವತ್ತು ಒಂದು ಮೋಟರ್ ವೈಂಡಿಂಗ್‌ಗೆ ಬಂದಿತ್ತು, ಪೂರ್ತಿ ಸುಟ್ಟೋಗಿತ್ತು." "ಅನು ಟೆಸ್ಟಲ್ಲಿ ಕಮ್ಮಿ ತಗೊಂಡಿದಾಳೆ ಕಣಮ್ಮ." ನನ್ನ ಗಂಡನಿಗೆ ತಲೆ ಕೆಟ್ಟಿರಲಿಲ್ಲ. ಒಳಗಿರುವುದು ಯಾರೆಂದು ಅವರಿಗೆ ಚೆನ್ನಾಗಿ ಗೊತ್ತಿತ್ತು. ಆದರೂ ಅವರು ಮಾತಾಡುತ್ತಿದ್ದದ್ದು ನನ್ನ ಜೊತೆಯಲ್ಲ. ಊಟಕ್ಕೆ ಕೂತಾಗ ಅದೇ ವಿಷಯ ನನಗೆ ಮತ್ತೆ ಹೊಸದಾಗಿ ಹೇಳುತ್ತಿದ್ದರು. ನಾನೂ ಹೊಸದಾಗಿ ಕೇಳಿಸಿಕೊಳ್ಳುತ್ತಿದ್ದೆ.

ನಾನು ಗೋಡೆಯ ಈಚೆಯಿಂದ ಉತ್ತರ ಕೊಡುತ್ತಿರಲಿಲ್ಲ. ಹಾಲಿನ ಧಾರೆಯ ಸದ್ದೇ ಉತ್ತರ. ಒಂದೊಂದು ಸಲ ಅವರ ಮಾತಿಗೆ "ಹೂಂ" ಅನ್ನಬೇಕೆಂದು ಗಂಟಲವರೆಗೆ ಬರುತ್ತಿತ್ತು. ಬರುತ್ತಿದ್ದದ್ದು ನನ್ನ ಹೂಂ ಅಲ್ಲ. ಅತ್ತೆಯ ಹೂಂ. ಹಲ್ಲು ಕಚ್ಚಿ ತಡೆಯುತ್ತಿದ್ದೆ.

ಚಳಿ ಶುರುವಾಯಿತು. ಸಂಜೆ ಬೇಗ ಕತ್ತಲಾಗುತ್ತಿತ್ತು. ಅಪಾರ್ಟ್‌ಮೆಂಟಿನ ದೀಪಗಳು ಒಂದೊಂದಾಗಿ ಹತ್ತುವ ಹೊತ್ತು. ಎಲ್ಲರ ಮನೆಯಲ್ಲೂ ಅವರೆಕಾಳು ಬೇಯುವ ಕಾಲ, ಗಾಳಿಯ ತುಂಬ ಅದರ ಸೊಗಡು. ನಾನು ಗೌರಿಯನ್ನು ಕರೆಯುತ್ತಿದ್ದೆ. ಗೋಡೆಯಾಚೆಯಿಂದ ನಮ್ಮನೆಯವರ ದನಿ ಬಂತು.

"ಅಮ್ಮ, ಹೋಗೋವಾಗ ನನ್ನ ಕೇಳಿದ್ಯಾ?"

ನನ್ನ ಕೈ ನಿಂತಿತು. ಗೌರಿ ತಲೆ ಎತ್ತಿದಳು.

ಸೀರೆಯಲ್ಲಿದ್ದವಳಿಗೆ ಉತ್ತರ ಕೊಡುವುದು ಕಷ್ಟವಿರಲಿಲ್ಲ. "ಕೇಳ್ದೆ ಕಣಪ್ಪ" ಅಂದಿದ್ದರೆ ಮುಗಿಯಿತು. ದನಿ ಸಿದ್ಧವಾಗಿತ್ತು, ಅದರ ಎಳೆತ ಸಹಿತ. ಅವರಿಗೂ ಅದೇ ಬೇಕಿತ್ತೇನೋ. ತಿಂಗಳುಗಟ್ಟಲೆ ಆ ಕಲ್ಲಿನ ಮೇಲೆ ಕೂತದ್ದು ಅದನ್ನು ಕೇಳಲಿಕ್ಕೇ ಇರಬೇಕು. ಆದರೆ ಅತ್ತೆಯ ಬಾಯಲ್ಲಿ ಅವರು ಆಡದ ಮಾತನ್ನು ಇಡಲು ನನ್ನಿಂದ ಆಗಲಿಲ್ಲ. ತಲೆಯ ಮೇಲಿದ್ದ ಸೆರಗು ತೆಗೆದೆ.

"ಇಲ್ಲ ರೀ" ಅಂದೆ. ನನ್ನದೇ ದನಿಯಲ್ಲಿ. ಅಲ್ಲಿ ಅದು ಎಷ್ಟು ತೆಳ್ಳಗೆ ಕೇಳಿಸಿತೆಂದರೆ ಗೌರಿ ಬೆಚ್ಚಿದಳು. "ನಿಮ್ಮನ್ನ ಕೇಳಲಿಲ್ಲ. ಯಾರನ್ನೂ ಕೇಳಲಿಲ್ಲ. ಗೌರಿ ಹಗ್ಗ ಬಿಚ್ಚು ಅಂದ್ರು. ಕಟ್ಟಿದ್ರೆ ಹೆದರ್ತಾಳೆ ಅಂದ್ರು. ಅಷ್ಟೇ."

ಗೌರಿ ಚಪ್ಪಡಿಯಿಂದ ಇಳಿದು ಮರಿಗಳ ಹತ್ತಿರ ಹೋದಳು. ನಾನು ಪಾತ್ರೆ ಹಿಡಿದುಕೊಂಡು ಕೂತೇ ಇದ್ದೆ. ಹೇಳಬಾರದಿತ್ತು ಅನ್ನಿಸಿತು.

"ಬಿಚ್ಚಿದ್ಯಾ?" ಅಂತ ಆಚೆಯಿಂದ ಕೇಳಿದರು.

"ಬಿಚ್ಚಿದೆ."

"ಹೂಂ."

ಆಮೇಲೆ ಒಂದು ಸದ್ದು ಬಂತು. ಅಳುತ್ತಿದ್ದಾರೆ ಅಂದುಕೊಂಡು ಹೊರಗೆ ಓಡಿದೆ. ಅಳುತ್ತಿದ್ದರು, ನಿಜ. ಆದರೆ ನಗುತ್ತಲೂ ಇದ್ದರು. ಕೈಯಿಂದ ಮುಖ ಒರೆಸಿಕೊಳ್ಳುತ್ತ, "ಅವಳೇ. ಅದು ಅಮ್ಮನೇ" ಅಂದರು. "ನಾನು ಎಸ್ಸೆಸ್ಸೆಲ್ಸಿ ಪಾಸಾದ ದಿನ ಓಡ್ಕೊಂಡು ಬಂದು ಹೇಳಿದ್ರೆ, ಬೂಸದ ಬುಟ್ಟಿ ಕೈಗೆ ಕೊಟ್ಟು, ಇದ್ನ ಆ ಕಡೆ ಇಡು ಅಂದಿದ್ಲು. ಅಪ್ಪ ಹೋದ ದಿನ ಹಸುಗೆ ನೀರು ತೋರ್ಸಿದ್ಯಾ ಅಂತ ಕೇಳಿದ್ಲು. ಅವಳು ನನ್ ಹೆಸರು ಕೂಗ್ತಾ ಹೋದ್ಲು ಅಂತ ನೀನು ಹೇಳಿದ್ರೆ ನಾನು ನಂಬ್ತಿದ್ನಾ? ನಂಬಿದ್ರೂ, ಸತ್ತೋಳು ಯಾರೋ ಬೇರೆಯೋಳು ಅನ್ನಿಸ್ತಿತ್ತು."

ನಾನು ಅವರ ಪಕ್ಕ ಕಲ್ಲಿನ ಮೇಲೆ ಕೂತೆ. ಸೀರೆಯ ವಾಸನೆ ಅವರಿಗೂ ಬಂದಿರಬೇಕು. ಅವರು ಮೆಲ್ಲಗೆ ಹೇಳಿದರು, "ನಾಳೆಯಿಂದ ನಾನು ಕರೀತೀನಿ. ನೀನು ಅದನ್ನ ಬಿಚ್ಚಿಡು."

ಮೇಕೆಗಳು ಅಷ್ಟು ಸುಲಭಕ್ಕೆ ಒಪ್ಪಲಿಲ್ಲ. ಮೊದಲ ದಿನ ಮೂಗುತಿ ಪಾತ್ರೆಯನ್ನು ಒದ್ದು ಉರುಳಿಸಿದಳು. ನಮ್ಮನೆಯವರು ಬೈಯಲಿಲ್ಲ. ಮೋಟರ್ ಗ್ರೀಸಿನ ಕೈಯನ್ನು ಹಿಂಡಿ ನೀರಿನಲ್ಲಿ ಉಜ್ಜಿಕೊಂಡು ಮತ್ತೆ ಹೋದರು. ಅವರಿಗೆ ಅತ್ತೆಯ ಹಾಗೆ ಕೂಗಲು ಬರುತ್ತಿರಲಿಲ್ಲ, ಕೂಗಲೂ ಇಲ್ಲ. ಅಂಗಡಿಯಲ್ಲಿ ಗಿರಾಕಿಗಳ ಜೊತೆ ಮಾತಾಡುವ ಹಾಗೆ, "ಬನ್ನಿ, ಬನ್ನಿ ಮೇಡಂ, ಹತ್ತಿ" ಅನ್ನುತ್ತಿದ್ದರು. ಅನುಷಾ ಅದನ್ನು ಕೇಳಿ ಕಿಟಕಿ ತೆರೆದು ನಕ್ಕಳು. ಒಂದು ವಾರವೋ ಹತ್ತು ದಿನವೋ ಒದೆಸಿಕೊಂಡ ಮೇಲೆ ಒಂದು ಸಂಜೆ ಗೌರಿ ತಾನಾಗಿಯೇ ಹತ್ತಿ ನಿಂತಳು. ಧಾರೆಯ ಸದ್ದು ಅಡುಗೆಮನೆಗೆ ಕೇಳಿಸಿತು. ಮುಂದೆ ಮೇಕೆಗಳು ನಮ್ಮಲ್ಲಿ ಹಲವು ವರ್ಷ ಇದ್ದವು. ರಸ್ತೆ ಅಗಲ ಮಾಡಿದಾಗ ತೋಟದ ಒಂದು ಕಡೆ ಹೋಯಿತು, ಕೊಟ್ಟಿಗೆಯೂ ಹೋಯಿತು. ಉಳಿದ ಮೇಕೆಗಳನ್ನು ಕಗ್ಗಲೀಪುರದಾಚೆ ಜಯಕ್ಕನ ತಂಗಿಯ ಮನೆಗೆ ಕಳಿಸಿದೆವು. ನಮ್ಮನೆಯವರು ಈಗಲೂ ಭಾನುವಾರ ಅಲ್ಲಿಗೆ ಹೋಗಿ ಬರುತ್ತಾರೆ.

ಗೌರಿ ಅವರಿಗೆ ಹಾಲು ಬಿಟ್ಟ ಆ ಸಂಜೆಯ ಮಾತು ಹೇಳಿ ಮುಗಿಸುತ್ತೇನೆ. ಸಂಕ್ರಾಂತಿಗೆ ಇನ್ನೆರಡೋ ಮೂರೋ ದಿನ ಇತ್ತು. ಎಷ್ಟೋ ತಿಂಗಳ ಮೇಲೆ ಆ ಹೊತ್ತಿನಲ್ಲಿ ನನಗೆ ಮಾಡಲು ಏನೂ ಇರಲಿಲ್ಲ. ಒಳಗೂ ಹೊರಗೂ ಸುಮ್ಮನೆ ಓಡಾಡಿದೆ. ಗಂಟಲು ಖಾಲಿಯಾದ ಹಾಗಿತ್ತು. ಹಬ್ಬಕ್ಕೆ ಮನೆ ಶುದ್ಧ ಮಾಡುವಾಗ ಇದೂ ಆಗಿಹೋಗಲಿ ಎಂದು ಆ ಹಸಿರು ಸೀರೆಯನ್ನು ಬಕೆಟ್ಟಿನಲ್ಲಿ ನೆನೆಹಾಕಿದೆ. ಒಗೆಯುವ ಕಲ್ಲಿನ ಮೇಲೆ ಹಾಕಿ ಉಜ್ಜಿದೆ. ಕಂದು ನೀರು ಹರಿಯಿತು. ಎರಡನೇ ಸಲಕ್ಕೆ ತಿಳಿಯಾಯಿತು. ಮೂರನೇ ಸಲ ಎತ್ತಿ ಮೂಗಿನ ಹತ್ತಿರ ಹಿಡಿದರೆ ಸೋಪಿನ ವಾಸನೆ ಬಿಟ್ಟು ಏನೂ ಇರಲಿಲ್ಲ.

ಅತ್ತೆ ಇಲ್ಲ ಅನ್ನುವುದು ನನಗೆ ಆಗ ತಿಳಿಯಿತು. ಅಲ್ಲಿಯವರೆಗೆ ಅವರನ್ನು ದಿನಾ ಮೈಮೇಲೆ ಹೊದ್ದುಕೊಂಡು ತಿರುಗಿದ್ದೆ. ಅವರ ಮಗ ಅತ್ತ, ಮೊಮ್ಮಗಳು ಅತ್ತಳು, ಮೇಕೆಗಳು ಕೂಗಿ ಕೂಗಿ ಸೊರಗಿದವು. ನಾನು ಅತ್ತಿರಲಿಲ್ಲ. ಮಣ್ಣಿಗೆ ಇಡುವಾಗಲೂ ಇಲ್ಲ. ಒದ್ದೆ ಸೀರೆಯನ್ನು ತೊಡೆಯ ಮೇಲೆ ಹಾಕಿಕೊಂಡು ಆ ಕಲ್ಲಿನ ಮೇಲೆ ಕೂತುಬಿಟ್ಟೆ. ಬಿಕ್ಕಿ ಬಿಕ್ಕಿ ಅತ್ತೆ. ಕೊಟ್ಟಿಗೆಯೊಳಗೆ ಧಾರೆಯ ಸದ್ದು ಒಂದು ಕ್ಷಣ ನಿಂತು, ಮತ್ತೆ ಮುಂದುವರಿಯಿತು.

ಕಾಂಪೌಂಡ್ ಗೋಡೆಯಾಚೆ ಅವರೆಕಾಯಿ ಸುಲಿಯುತ್ತಿದ್ದ ಜಯಕ್ಕ ಎದ್ದು ನಿಂತು ನೋಡಿದರು. ಅವರ ಕಣ್ಣೂ ತುಂಬಿತ್ತು.

"ಅತ್ತೆ ಸತ್ತು ಆರು ತಿಂಗಳಿಗೆ ಸೊಸೆ ಕಣ್ಣಲ್ಲಿ ನೀರು ಬಂತು ಅಂತಾರೆ" ಅಂದರು. "ಗಾದೆ ಕಟ್ಟಿದೋರು ನಗಾಡೋಕೆ ಕಟ್ಟಿದ್ರು ಅಂತ ಇಷ್ಟು ದಿನ ಅನ್ಕೊಂಡಿದ್ದೆ. ಅಳು ಕಣಮ್ಮ."